ನೆಲದಲ್ಲಿ ಒಂದು ತೊಟ್ಟೂ ಇಲ್ಲ ಅಂದೆಯಲ್ಲ

ಪ್ರೀತಿಯ ಅಳಿಯನಿಗೆ,

ನಿನ್ನ ಪತ್ರ ನಿನ್ನೆ ಸಂಜೆ ಓದಿದೆ. ರಾತ್ರಿ ಕನ್ನಡಕ ಹುಡುಕಿ ಮತ್ತೊಮ್ಮೆ ಓದಿದೆ. ಭಾವ ಆ ಜೀಪನ್ನು ಯಾಕೆ ಮಾರಲಿಲ್ಲ, ಅಕ್ಕ ಅದರ ಬಗ್ಗೆ ಏನು ಹೇಳುತ್ತಾಳೆ, ಇದೆಲ್ಲ ನಮಗಿಬ್ಬರಿಗೂ ಗೊತ್ತಿದ್ದದ್ದೇ, ಅದನ್ನು ಬಿಡುವ. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಆ ಹೆಡ್ ಲೋಕಲ್‌ದ್ದು ಹಾಕಿಸಿದ್ದಕ್ಕೂ ನನ್ನ ತಕರಾರಿಲ್ಲ. ಹಳೆಯದು ಬಿರುಕು ಬಿಟ್ಟ ಮೇಲೆ ಕಂಪನಿಯದ್ದೇ ಬೇಕು ಅಂತ ಕೂತರೆ ಅಡಿಕೆ ಸಾಗಿಸುವುದು ಯಾವಾಗ?

ನನ್ನ ನಿದ್ದೆ ಕೆಡಿಸಿದ್ದು ರೇಡಿಯೇಟರ್ ನೀರಿನ ಬಗ್ಗೆ ನೀನು ಬರೆದ ಒಂದೇ ಮಾತು. 'ದಿನಕ್ಕೆ ಮುಕ್ಕಾಲು ಲೀಟರ್ ಕಡಿಮೆ ಆಗ್ತದೆ ಮಾವಾ, ಆದರೆ ಅಡಿಯಲ್ಲಿ ಒಂದು ತೊಟ್ಟೂ ಇಲ್ಲ. ಎಲ್ಲಿಗೆ ಹೋಗ್ತದೆ ಅಂತ ಹೆದರಿಕೆ ಆಗ್ತದೆ. ಸದ್ಯಕ್ಕೆ ತುಂಬಿಸಿ ಓಡಿಸ್ತಾ ಇದ್ದೇನೆ.'

ಹೆದರಿಕೆ ಆಗ್ತದೆ ಅಂತ ಬರೆದವನು ಅದರ ಮರುಸಾಲಿನಲ್ಲೇ ಓಡಿಸ್ತಾ ಇದ್ದೇನೆ ಅಂತ ಹೇಗೆ ಬರೆದೆ ಮಾರಾಯ?

ನೆಲಕ್ಕೆ ಬೀಳುವ ನೀರಿಗೆ ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಟಾರ್ಚ್ ಹಿಡಿದು ಅಡಿಗೆ ಮಲಗಿದರೆ ಹೋಸೋ, ಪಂಪೋ ಗೊತ್ತಾಗುತ್ತದೆ. ಕಾಣದೆ ಹೋಗುವ ನೀರಿನದ್ದೇ ಕಷ್ಟ. 1994ರ ಮಳೆಗಾಲದಲ್ಲಿ ನಾನು ಪೆರ್ಲ–ಬದಿಯಡ್ಕ ಸರ್ವಿಸ್ ಜೀಪು ಓಡಿಸುತ್ತಿದ್ದಾಗ ನನ್ನದೂ ಹೀಗೇ ಆಯ್ತು. ಹೆಡ್ ಇಳಿಸಿ, ಅದರಡಿಯ ಸಂದು ಮುಚ್ಚುವ ಗ್ಯಾಸ್ಕೆಟ್ ಹಾಳೆ ಹಾಕಿ ಎಂಟು ದಿನ ಆಗಿತ್ತು. ನೀರು ಕಡಿಮೆ ಆಗುತ್ತಿತ್ತು, ಅಂಗಳ ಒಣಗಿದ್ದಂತೇ ಇತ್ತು. ನಾನು ಮಾಡಿದ್ದು ಇಷ್ಟೇ, ಸೀಟಿನಡಿಗೆ ಒಂದು ಕ್ಯಾನು ಇಟ್ಟುಕೊಂಡೆ. ನಮ್ಮ ಬಾವಿಯಲ್ಲಿ ನೀರಿಗೇನು ಬರವಾ ಅಂತ ಪ್ಯಾಸೆಂಜರ್‌ಗಳ ಹತ್ತಿರ ತಮಾಷೆ ಬೇರೆ.

ಹಾಗೆಂದು ನಿನ್ನನ್ನು ಸುಮ್ನೆ ಹೆದರಿಸುವುದೂ ಸರಿಯಲ್ಲ. ಹೆಡ್ ಕೂರಿಸಿ ಹೊಸದಾಗಿ ನೀರು ತುಂಬಿಸಿದಾಗ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ನಾಲ್ಕು ಸಲ ಬಿಸಿಯಾಗಿ ತಣಿದ ಮೇಲೆ ಆ ಗಾಳಿ ಹೊರಬಂದು ಮಟ್ಟ ಇಳಿಯುತ್ತದೆ, ಅದು ಲೀಕೇ ಅಲ್ಲ. ಆದರೆ ನಿನ್ನದು ಎರಡು ವಾರ ಆಯ್ತು ಅಲ್ವಾ. ಇನ್ನೊಂದು, ಹೊರಗೇ ಒಸರಿದ ನೀರು ಬಿಸಿ ಎಂಜಿನ್ನಿನ ಮೇಲೆ ನೆಲ ಮುಟ್ಟುವ ಮೊದಲೇ ಆವಿಯಾಗಬಹುದು. ಆಗ ಬಿಳಿಯದ್ದೋ ನೀರಿಗೆ ಬೆರೆಸಿದ ಕೂಲಂಟಿನ ಬಣ್ಣದ್ದೋ ಒಂದು ಪೊರೆ ಅಂಟಿಕೊಂಡಿರುತ್ತದೆ. ಹೆಡ್ಡಿನ ಹಿಂಬದಿ, ಎಕ್ಸಾಸ್ಟ್ ಹತ್ತಿರ, ಹೆಡ್ಡಿಗೆ ಒತ್ತಿ ಕೂರಿಸಿದ ಬಿಲ್ಲೆಯಂಥ ಪ್ಲಗ್‌ಗಳ ಸುತ್ತ ಬೆರಳಾಡಿಸಿ ನೋಡು. ಹೊಸ ಹೆಡ್ಡಿನ ಎರಕದಲ್ಲೇ ಸಣ್ಣ ರಂಧ್ರ ಇರುವುದೂ ಉಂಟು, ತಣ್ಣಗಿರುವಾಗ ಸುಳಿವೇ ಕೊಡುವುದಿಲ್ಲ. ದೇವರೇ ಅಲ್ಲೆಲ್ಲಾದರೂ ಸಿಗಲಿ ಅಂತ ನನ್ನ ಆಸೆ.

ಸಿಗದಿದ್ದರೆ ನೀರು ಒಳಗೆ ಹೋಗುತ್ತಿದೆ. ಆಯಿಲಿಗೆ ಹೋಗಬೇಕು, ಇಲ್ಲವೇ ಸಿಲಿಂಡರಿಗೆ.

ಆಯಿಲ್ ನೋಡುವುದು ಸುಲಭ. ಕಡ್ಡಿ ಎಳೆದು ನೋಡು, ಹಾಕದೆಯೇ ಮಟ್ಟ ಏರಿದೆಯಾ, ಹಾಲು ಹಾಕಿದ ಕಾಫಿಯ ಬಣ್ಣ ಬಂದಿದೆಯಾ ಅಂತ. ಬರೀ ಆಯಿಲ್ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಬಿಳಿ ನೊರೆ ಕಂಡರೆ ಗಾಬರಿಯಾಗಬೇಡ, ನಮ್ಮ ಕಡೆಯ ಮಳೆಗೆ ಗಟ್ಟಿ ಎಂಜಿನ್ನಲ್ಲೂ ಅಷ್ಟು ಆಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಹೆಡ್ ಬೋಲ್ಟಿನ ತೂತು ನೀರು ಹರಿಯುವ ಜಾಗಕ್ಕೇ ತೆರೆದಿರುತ್ತದೆ. ಆ ಥ್ರೆಡ್ಡಿಗೆ ಸೀಲರ್ ಹಚ್ಚದಿದ್ದರೆ ನೀರು ಬೋಲ್ಟಿನ ಉದ್ದಕ್ಕೂ ಹತ್ತಿ ಆಯಿಲಿಗೆ ಇಳಿಯುತ್ತದೆ. ನಿನ್ನದು ಹಾಗಿದೆಯೋ ಅಂತ ಹೆಡ್ ಕೂರಿಸಿದವರನ್ನು ಕೇಳು. ಕೇಳುವಾಗ ಮೆಲ್ಲ ಕೇಳು.

ಸಿಲಿಂಡರಿನ ಕಥೆ ಮಾತ್ರ ಬೇರೆ. ಬಿಸಿ ಎಂಜಿನ್ ನಿಲ್ಲಿಸಿದಾಗ ರೇಡಿಯೇಟರಲ್ಲಿ ಒತ್ತಡ ಉಳಿದಿರುತ್ತದೆ, ಸಿಲಿಂಡರಲ್ಲಿ ಇರುವುದಿಲ್ಲ. ಗ್ಯಾಸ್ಕೆಟಿನಲ್ಲಿ ಸಂದು ಇದ್ದರೆ ರಾತ್ರಿಯಿಡೀ ನೀರು ಅಲ್ಲಿಗೇ ಇಳಿಯುತ್ತದೆ. ಆಟಿ ತಿಂಗಳ ಒಂದು ಬೆಳಿಗ್ಗೆ ನಾನು ಕೀ ತಿರುಗಿಸಿದೆ. ಟಕ್ ಅಂತ ಒಂದು ಸದ್ದು, ಮತ್ತೆ ಏನೂ ಇಲ್ಲ. ಬ್ಯಾಟರಿ ಇಳಿದಿದೆ ಅಂತ ಗ್ರಹಿಸಿದೆ. ಸ್ಕೂಲಿನ ಮಕ್ಕಳು ಕಾಯುತ್ತಿದ್ದರು. ಇಬ್ಬರನ್ನು ಕರೆದು ಇಳಿಜಾರಿಗೆ ದೂಡಿಸಿ ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಳಿಯನ್ನಾದರೆ ಪಿಸ್ಟನ್ ಒತ್ತಿ ಸಣ್ಣದು ಮಾಡಬಹುದು, ನೀರನ್ನು ಮಾಡಲಾಗುವುದಿಲ್ಲ. ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡೇ ಬಾಗಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಎಂಟು ಪೈಸೆಯ ಕೆಲಸ ಎಂಟು ಸಾವಿರಕ್ಕೆ ಹೋಯ್ತು, ಎರಡು ತಿಂಗಳು ಜೀಪು ಇಲ್ಲ, ಸಾಲದ ಕಂತು ಮಾತ್ರ ಇತ್ತು.

ದುಡ್ಡು ಹೋಗಲಿ. ನನ್ನ ಹತ್ತಿರ ಆಗ ಒಬ್ಬ ಹುಡುಗ ಕೆಲಸಕ್ಕಿದ್ದ. ಬೋಲ್ಟ್ ಬಿಗಿ ಮಾಡಿದ್ದು ಅವನು. ನೀನೇ ಹಾಳು ಮಾಡಿದ್ದು ಅಂತ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬೈದೆ. ಮಾರನೇ ದಿನದಿಂದ ಬರಲಿಲ್ಲ, ಬಾಕಿ ಸಂಬಳಕ್ಕೂ ಬರಲಿಲ್ಲ. ಆಮೇಲೆ ಹೆಡ್ ಇಳಿಸಿ ನೋಡಿದರೆ ಹೆಡ್ ಕೂರುವ ಎಂಜಿನ್ ಬ್ಲಾಕಿನ ಮೇಲೆ ಹಳೆ ಗ್ಯಾಸ್ಕೆಟಿನ ಒಂದು ಚೂರು ಹಾಗೇ ಅಂಟಿಕೊಂಡಿತ್ತು, ಅಕ್ಕಿಕಾಳಿನಷ್ಟು. ಹೊಸ ಗ್ಯಾಸ್ಕೆಟ್ ಅಲ್ಲೇ ಸರಿಯಾಗಿ ಕೂತಿರಲಿಲ್ಲ. ಆ ಬದಿ ಉಜ್ಜಿ ಕ್ಲೀನ್ ಮಾಡಿದವನು ನಾನು. ಭಾವನಿಗೂ ನಾನು ಹುಡುಗನ ಹೆಸರನ್ನೇ ಹೇಳಿದ್ದೆ. ಇವತ್ತಿನವರೆಗೆ ತಿದ್ದಿ ಹೇಳಿದವನಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ನಾನು ಕೇಳಬೇಕಿದ್ದದ್ದು, ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಎಂಜಿನ್ ತಿರುಗಲು ಕಷ್ಟಪಡುತ್ತದಾ? ಬಿಳಿ ಹೊಗೆ ಬಂದು ಬಿಸಿಯಾದ ಮೇಲೂ ನಿಲ್ಲುವುದಿಲ್ಲವಾ? ಒಂದು ಸಿಲಿಂಡರ್ ಸ್ವಲ್ಪ ಹೊತ್ತು ಹೊಡೆಯದೆ ಕುಂಟುತ್ತದಾ? ಹೌದು ಅಂತಾದರೆ ಸಿಲಿಂಡರಿಗೆ ಒಂದರಂತೆ ಇರುವ ಹೀಟರ್ ಪ್ಲಗ್ ನಾಲ್ಕನ್ನೂ ಬಿಚ್ಚಿ ಆಮೇಲೆ ಸೆಲ್ಫ್ ಹೊಡೆ, ಮುಖ ದೂರ ಇಟ್ಟುಕೋ. ನೀರಿದ್ದರೆ ಆ ತೂತಿನಿಂದ ಚಿಮ್ಮುತ್ತದೆ, ಯಾವ ಸಿಲಿಂಡರ್ ಅಂತಲೂ ಗೊತ್ತಾಗುತ್ತದೆ, ರಾಡೂ ಬಚಾವ್.

ಬದಿಯಡ್ಕದಲ್ಲೋ ಕಾಸರಗೋಡಲ್ಲೋ ಯಾರ ಹತ್ತಿರವಾದರೂ ರೇಡಿಯೇಟರ್ ಪ್ರೆಶರ್ ಪಂಪ್ ಇರಬಹುದು, ಕೇಳಿ ನೋಡು. ಎಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗಕ್ಕೆ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡುವುದು. ಜಾಸ್ತಿ ಕೊಟ್ಟರೆ ರೇಡಿಯೇಟರೇ ಒಡೆದೀತು. ಮುಳ್ಳು ಇಳಿದು ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ದರೆ ನೀರು ಒಳಗೇ ಹೋಗುತ್ತಿದೆ, ಮತ್ತೆ ಸಂಶಯ ಬೇಡ. ರೇಡಿಯೇಟರ್ ಬಾಯಿಗೆ ಹಿಡಿಯುವ ನೀಲಿ ದ್ರವದ ಒಂದು ಪರೀಕ್ಷೆಯೂ ಉಂಟು, ಸಿಲಿಂಡರಿನ ಗ್ಯಾಸ್ ನೀರಿಗೆ ಬಂದಿದ್ದರೆ ಅದು ಹಸಿರೋ ಹಳದಿಯೋ ಆಗುತ್ತದೆ. ನಮ್ಮ ಕಾಲದಲ್ಲಿ ಇದೆಲ್ಲ ನಮ್ಮ ಕೈಗೆ ಸಿಗುತ್ತಿರಲಿಲ್ಲ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲದೆ ಬರುತ್ತದಾ ಅಂತ ನೋಡುತ್ತಿದ್ದೆವು, ಮೇಲಿನ ಹೋಸ್ ಒಂದೇ ನಿಮಿಷಕ್ಕೆ ಗಟ್ಟಿಯಾಯ್ತಾ ಅಂತ ಹಿಚುಕಿ ನೋಡುತ್ತಿದ್ದೆವು. ಅದೂ ಸಾಕು, ಆದರೆ ಹೀಟರ್ ಪ್ಲಗ್ ಬಿಚ್ಚಿ ಮಾಡಿದ ಪರೀಕ್ಷೆಯಲ್ಲಿ ಸಿಲಿಂಡರಿನಲ್ಲಿ ನೀರಿಲ್ಲ ಅಂತ ಗೊತ್ತಾದ ಮೇಲೆ ಮಾತ್ರ. ಬಿಸಿಯಲ್ಲಿ ಮುಚ್ಚಳ ತೆಗೆಯಬಾರದು ಅಂತ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳಿದೆ.

ಹೆಡ್ ಇಳಿಸಲೇಬೇಕಾಗಿ ಬಂದರೆ ಹೊಸದು ಅಂತ ನಂಬಿ ಹಾಗೇ ಕೂರಿಸಬೇಡ. ಲೇತಿನವರ ಹತ್ತಿರ ಸಪಾಟು ಇದೆಯಾ ಅಂತ ಪಟ್ಟಿ ಇಟ್ಟು ನೋಡಿಸು, ಕೂದಲೆಳೆಯಷ್ಟು ಡೊಂಕೂ ಜಾಸ್ತಿಯೇ. ಬೋಲ್ಟಿನ ತೂತಿನಲ್ಲಿ ನೀರು, ಆಯಿಲ್ ನಿಂತಿರಬಾರದು. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿ ಮಾಡಬೇಕು, ಮ್ಯಾನುವಲ್‌ನಲ್ಲಿ ಇದ್ದಷ್ಟೇ. ಇದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುವವರು ನಿಮ್ಮಲ್ಲೇ ಇದ್ದಾರೆ. ನಾನು ಕೈಯಂದಾಜಿನವನು, ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್ ಕೊಂಡದ್ದೇ ರಾಡ್ ಬಾಗಿದ ಮೇಲೆ. ಆ ರೆಂಚನ್ನು ಸೋಮವಾರದ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಕೊಟ್ಟು ಕಳಿಸುತ್ತೇನೆ, ಮುಳ್ಳೇರಿಯದಲ್ಲಿ ಇಳಿಸಿಕೋ.

ಅಲ್ಲಿವರೆಗೆ ಅಡಿಕೆಯನ್ನು ಪಿಕಪ್ಪಿನಲ್ಲಿ ಕಳಿಸು, ಬಾಡಿಗೆ ನಾನು ಕೊಡುತ್ತೇನೆ. ಅಕ್ಕನಿಗೆ ಈ ವಿಷಯ ಹೇಳಬೇಡ. ಹಾಂ, ಕೂಲಂಟ್ ಬಸಿದರೆ ಪಾತ್ರೆ ಮುಚ್ಚಿಡು, ಅದು ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಬದುಕುವುದು ಕಷ್ಟ.

ನಾಳೆ ಬೆಳಿಗ್ಗೆ ಹೀಟರ್ ಪ್ಲಗ್ ಬಿಚ್ಚದೆ ಕೀ ತಿರುಗಿಸಬೇಡ. ದೂಡಲೂ ಬೇಡ. ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ನೋಡಿ, ನೀರು ಬಂತೋ ಇಲ್ಲವೋ ಅಂತ ಕೂಡಲೇ ಫೋನ್ ಮಾಡು, ನಾನು ಐದಕ್ಕೇ ಎದ್ದಿರುತ್ತೇನೆ.

ನಿನ್ನ ಮಾವ