ನಾಲ್ಕನೇ ದಿನಕ್ಕೆ ನಿಂತುಹೋಗುವ ಮಾತ್ರೆ

ಮಾನ್ಯ ಸಂಪಾದಕರೇ,

ದೇಶದಲ್ಲಿ ಮಲೇರಿಯಾ ಇಳಿದಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. 2015ರಲ್ಲಿ 11.69 ಲಕ್ಷ ಇದ್ದ ಪ್ರಕರಣಗಳು 2023ಕ್ಕೆ 2.27 ಲಕ್ಷಕ್ಕೆ ಬಂದಿವೆ. ಸಾವು 384ರಿಂದ 83ಕ್ಕೆ ಇಳಿದಿದೆ. ಖುಷಿಯ ಸುದ್ದಿಯೇ. 2027ರ ಕೊನೆಯೊಳಗೆ ನಮ್ಮ ನೆಲದಲ್ಲಿ ಸೊಳ್ಳೆಯ ಮೂಲಕ ಒಬ್ಬರಿಂದ ಒಬ್ಬರಿಗೆ ಇದು ಹರಡುವುದೇ ನಿಲ್ಲಬೇಕು ಅನ್ನುವುದು ಸರ್ಕಾರದ ಗುರಿ. ಅದು ಎಲ್ಲಿ ಎಡವಬಹುದು ಅನ್ನುವುದು ನನಗೆ ನಮ್ಮ ತೋಟದ ಆಳುಗಳಿರುವ ಲೈನ್ ಮನೆಗಳಲ್ಲೇ ಕಾಣುತ್ತಿದೆ. ಅದಕ್ಕೇ ಈ ಪತ್ರ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ನನ್ನದು. ಆಳುಗಳಿಗೆ ಹುಷಾರಿಲ್ಲ ಅಂದರೆ ಜೀಪು ಹುಡುಕುವುದೂ ನನ್ನದೇ. ಮೊದಲು ಘಟ್ಟದ ಕೆಳಗಿನಿಂದ ಬರುತ್ತಿದ್ದ ಆಳುಗಳು ಈಗ ಕಡಿಮೆ. ಹಣ್ಣು ಕುಯ್ಯಲು ಅಸ್ಸಾಂ, ಜಾರ್ಖಂಡ್, ಒಡಿಶಾ ಕಡೆಯವರು ಮೇಸ್ತ್ರಿ ಜೊತೆ ಗುಂಪಾಗಿ ಬರುತ್ತಾರೆ.

ಕಳೆದ ಜನವರಿ, ರೋಬಸ್ಟಾ ಕುಯ್ಲು ಜೋರಾಗಿದ್ದ ಸಮಯ. ಜಾರ್ಖಂಡಿನ ಒಬ್ಬ ಹುಡುಗನಿಗೆ ದಿನ ಬಿಟ್ಟು ದಿನ ಚಳಿ ಜ್ವರ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿ, ಇಂಜೆಕ್ಷನ್ ಕೊಟ್ಟು, ಒಂಬೈನೂರು ರೂಪಾಯಿ ಇಸ್ಕೊಂಡು ಕಳಿಸಿದರು. ರಕ್ತ ಮಾತ್ರ ನೋಡಲಿಲ್ಲ. ಕೊನೆಗೆ ನಮ್ಮ ಊರಿನ ಆಶಾ ಅಕ್ಕ ಲೈನ್ ಮನೆಗೇ ಬಂದು, ಬೆರಳು ಚುಚ್ಚಿ, ಕಿಟ್ಟಿನಲ್ಲಿ ನೋಡಿ, 'ವೈವಾಕ್ಸ್ ಇದೆ ರೈಟ್ರೇ' ಅಂದರು. ಒಂದು ರೂಪಾಯಿ ಖರ್ಚಿಲ್ಲ, ಅರ್ಧ ಗಂಟೆಯೂ ಆಗಲಿಲ್ಲ.

ವೈವಾಕ್ಸ್ ಅಂದರೆ ಮಲೇರಿಯಾದ ಒಂದು ಜಾತಿ. ಇದಕ್ಕೆ ಕ್ಲೋರೋಕ್ವಿನ್ ಮಾತ್ರೆ ಮೂರು ದಿನ, ಪ್ರೈಮಾಕ್ವಿನ್ ಹದಿನಾಲ್ಕು ದಿನ. ಮೊದಲನೆಯದು ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ, ಜ್ವರ ಬಿಡುತ್ತದೆ. ಆದರೆ ವೈವಾಕ್ಸ್ ಜಾತಿಯದು ಈಲಿಯಲ್ಲಿ, ಅಂದರೆ ಲಿವರ್‌ನಲ್ಲಿ, ತಿಂಗಳುಗಟ್ಟಲೆ ಮಲಗಿರಬಲ್ಲದು. ಅದನ್ನು ತೆಗೆಯುವುದಕ್ಕೇ ಆ ಎರಡನೇ ಮಾತ್ರೆ. ಜ್ವರ ಬಿಟ್ಟ ಮೇಲೂ ಹತ್ತು ದಿನ ಮಾತ್ರೆ ನುಂಗು ಅಂದರೆ ಯಾರು ನುಂಗುತ್ತಾರೆ ಹೇಳಿ? ಕುಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ. ಮಲಗಿದರೆ ಅವತ್ತಿನ ಕಾಸು ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ಆ ಹುಡುಗ ಹೆಗಲಿಗೆ ಚೀಲ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದ. ಅದಾಗಿ ವಾರದೊಳಗೆ ಇಡೀ ಗುಂಪು ಸಕಲೇಶಪುರ ಕಡೆ ಬೇರೆ ತೋಟಕ್ಕೆ ಹೊರಟಿತು. ಮಾತ್ರೆ ಪಟ್ಟಿ ಅವನ ಜೇಬಿನಲ್ಲಿತ್ತು. ಅದರ ಜೊತೆ ಕೊಟ್ಟ ಚೀಟಿ ಕನ್ನಡದ್ದು. ಅವನಿಗೆ ಓದಲು ಬರುವುದು ಹಿಂದಿ. ಮಾತ್ರೆ ಒಗ್ಗದೆ ಮೂತ್ರ ಕಪ್ಪಾದರೆ ಅದನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬಾ ಅನ್ನುವುದನ್ನು ಆಶಾ ಅಕ್ಕ ಕೈಸನ್ನೆಯಲ್ಲಿ ಹೇಳಿದ್ದನ್ನು ನೋಡಿ ನಗು ಬಂತು, ಬೇಜಾರೂ ಆಯ್ತು. ಮೇ ಕೊನೆಯಲ್ಲಿ ಮೇಸ್ತ್ರಿ ಫೋನ್ ಮಾಡಿದ್ದ. ಹುಡುಗನಿಗೆ ಮತ್ತೆ ಅದೇ ಜ್ವರವಂತೆ.

ಹಾಗಂತ ಹೊರಗಿನವರು ರೋಗ ತಂದರು ಅಂತ ಕೂಗುವವರ ಜೊತೆ ನಾನಿಲ್ಲ. ಒಡಿಶಾದಲ್ಲಿ ಕಾಡೊಳಗಿನ ಹಳ್ಳಿಗಳಿಗೂ ಹೋಗಿ, ಜ್ವರ ಇಲ್ಲದವರ ರಕ್ತವನ್ನೂ ನೋಡಿ, ಸೊಳ್ಳೆಪರದೆ ಹಂಚಿದ್ದಾರೆ. ಅಲ್ಲಿ ಈ ರೋಗ ತುಂಬಾ ಇಳಿದಿದೆ. ಇನ್ನು ಒಂದು ಕಾಲಕ್ಕೆ ಮಲೆನಾಡಿಗೆ ಹೆಣ್ಣು ಕೊಡಲು ಹೆದರುತ್ತಿದ್ದದ್ದೇ ಈ ಜ್ವರಕ್ಕೆ ಅಲ್ವಾ? ಜ್ವರಗಡ್ಡೆಯಿಂದ, ಅಂದರೆ ಗುಲ್ಮ ಊದಿ, ಹೊಟ್ಟೆ ಉಬ್ಬಿದ ಮಕ್ಕಳು ಮನೆಮನೆಯಲ್ಲಿ ಇರುತ್ತಿದ್ದವು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಅನ್ನುವುದು ಅಂದಾಜು. 1953ರ ನಂತರ ಸೊಳ್ಳೆ ಕೊಲ್ಲುವ ಡಿಡಿಟಿ ಪುಡಿಯ ನೀರು ಹೊಡೆಯುವವರು ಊರೂರಿಗೆ ಬಂದರು. ಗೋಡೆ ಬೆಳ್ಳಗಾಗುತ್ತದೆ ಅಂತ ಹೆಂಗಸರು ಬೈದರೂ ಬಿಡಲಿಲ್ಲ. 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಬಂದವು. ಆಮೇಲೆ ನಿಗಾ ಸಡಿಲವಾಯಿತು, ಸೊಳ್ಳೆಗೂ ಔಷಧಿ ಒಗ್ಗಿಹೋಯಿತು. 1976ರಲ್ಲಿ 64 ಲಕ್ಷ! ಈಗಿನ ಅಂಕಿ ನೋಡಿ ಹಿಗ್ಗುವವರು ಆ ವರ್ಷವನ್ನೂ ನೆನಪಿಟ್ಟುಕೊಳ್ಳಲಿ.

ಸೊಳ್ಳೆ ಎಲ್ಲಿಗೂ ಹೋಗಿಲ್ಲ. ಮಲೆನಾಡಿನ ಹಳ್ಳದ ಅಂಚಿನ ತಿಳಿನೀರಿನಲ್ಲೇ ಮರಿ ಮಾಡುವ, ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆ ಇದೆ. ಅರಸೀಕೆರೆ ತಾಲ್ಲೂಕಿನ ಬಾಣಾವರದ ಕಡೆ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಸೊಳ್ಳೆಮರಿ ತಿನ್ನಿಸಿದ್ದು ಒಳ್ಳೆ ಕೆಲಸ. ಆದರೆ ಹರಿಯುವ ಹಳ್ಳಕ್ಕೆ ಎಷ್ಟು ಮೀನು ಬಿಡುತ್ತೀರಿ? ನಮ್ಮಲ್ಲಿ ರೋಗಿಯ ಬೆನ್ನು ಹತ್ತುವುದೇ ಮುಖ್ಯ.

ಕೂಲಿಯವನ ಮಾತ್ರೆ ಮುಗಿಯುವ ಮೊದಲೇ ಗುಂಪು ತಾಲ್ಲೂಕು ದಾಟಿದರೆ, ಈ ಆರೋಗ್ಯ ಕೇಂದ್ರದಿಂದ ಆ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಹೋಗಲಿ. ಅವನು ಯಾವ ತೋಟಕ್ಕೆ ಹೋದ ಅನ್ನುವುದು ಮೇಸ್ತ್ರಿಗೆ ಗೊತ್ತಿರುತ್ತದೆ, ರೈಟರಿಗೂ ಗೊತ್ತಿರುತ್ತದೆ. ನಮ್ಮನ್ನು ಯಾರೂ ಕೇಳುವುದಿಲ್ಲ, ಅಷ್ಟೇ. ಚೀಟಿ ಹಿಂದಿ, ಒಡಿಯಾ, ಅಸ್ಸಾಮಿಯಲ್ಲೂ ಇರಲಿ. ಬೆಳೆಗಾರರ ಸಂಘದವರು ಲೈನ್ ಮನೆಗೆ ಸೊಳ್ಳೆಪರದೆ ಕೊಡಲಿ. ಜ್ವರದ ದಿನಗಳಿಗೆ ಅರ್ಧ ಕೂಲಿಯಾದರೂ ಕೊಡಲಿ. ಈಗಿನ ಕಾಫಿ ರೇಟಿನಲ್ಲಿ ಅದು ಭಾರವೇನಲ್ಲ, ಲೆಕ್ಕ ಬರೆಯುವವನು ನಾನೇ. ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಶುರುವಾಗುತ್ತದೆ. ಹೊಸ ಗುಂಪುಗಳು ಬಂದಿಳಿಯುವ ಮೊದಲೇ ಜಿಲ್ಲಾ ಮಲೇರಿಯಾ ಅಧಿಕಾರಿಗಳು ತೋಟಗಳ ರೈಟರುಗಳನ್ನೂ ಮೇಸ್ತ್ರಿಗಳನ್ನೂ ಒಂದು ಸಭೆಗೆ ಕರೆಯಲಿ. ಭಾನುವಾರವಾದರೆ ಒಳ್ಳೆಯದು, ಸಂತೆಗೆ ಹೇಗೂ ಬಂದಿರುತ್ತೇವೆ.

– ಒಬ್ಬ ಎಸ್ಟೇಟ್ ರೈಟರ್, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ