ಆಡಳಿತ ವೆಚ್ಚ ಕಡಿಮೆ ಇದ್ದರೆ ಸಾಕೇ?

ಮಾನ್ಯರೇ,

ಸ್ವಯಂಸೇವಾ ಸಂಸ್ಥೆಗಳ ಹಣಕಾಸು ನನ್ನ ಸಂಶೋಧನೆಯ ವಿಷಯ ಎಂದ ಕೂಡಲೇ ಜನ ಕೇಳುವುದು ಒಂದೇ: ‘ಯಾವ ಸಂಸ್ಥೆ ಎಷ್ಟು ನುಂಗುತ್ತೆ ಸಾರ್?’ ಆಡಳಿತ ವೆಚ್ಚ ಕಡಿಮೆಯಿದ್ದಷ್ಟೂ ಸಂಸ್ಥೆ ಪ್ರಾಮಾಣಿಕ ಎಂಬ ನಂಬಿಕೆ ಇದರ ಹಿಂದಿದೆ. 1991ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಹೋವರ್ಡ್ ಟಕ್‌ಮನ್ ಮತ್ತು ಸಿರಿಲ್ ಚಾಂಗ್ ಇಂಥ ಸಂಸ್ಥೆಗಳ ಆರ್ಥಿಕ ದುರ್ಬಲತೆ ಅಳೆಯಲು 4 ಸೂಚಕ ಕೊಟ್ಟರು. ಕೈಯಲ್ಲಿ ಮೀಸಲು ನಿಧಿ ಇಲ್ಲ, ವರಮಾನಕ್ಕೆ ಒಂದೆರಡೇ ಮೂಲ, ವರ್ಷದ ಕೊನೆಗೆ ಮಿಗುವುದು ಅಷ್ಟಕ್ಕಷ್ಟೆ, ಇವು ಸರಿ. ನಾಲ್ಕನೆಯದು, ತೀರಾ ಕಡಿಮೆ ಆಡಳಿತ ವೆಚ್ಚ! ಕಷ್ಟ ಬಂದಾಗ ಅಲ್ಲಿ ಕಡಿತ ಮಾಡಲು ಏನೂ ಉಳಿದಿರುವುದಿಲ್ಲ, ಕತ್ತರಿ ನೇರ ಸೇವೆಗೇ ಬೀಳುತ್ತದೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ.

ಈಗ ಯಾವುದೇ ಸಂಸ್ಥೆಯ ಬ್ಯಾಲೆನ್ಸ್ ಶೀಟ್ ಕೈಗೆ ಬಂದರೂ ಮೊದಲು ಅದರ ಕೊನೆಯಲ್ಲಿರುವ ಟಿಪ್ಪಣಿಗಳ ಪುಟ ತಿರುವುತ್ತೇನೆ. ಎಷ್ಟೋ ಸಲ ಬ್ಯಾಂಕಿನಲ್ಲಿ ದೊಡ್ಡ ಮೊತ್ತ ಕಾಣುತ್ತದೆ. ಟಿಪ್ಪಣಿ ನೋಡಿದರೆ ಅಷ್ಟೂ ಕಟ್ಟಡಕ್ಕೆಂದೇ ಷರತ್ತು ಹಾಕಿ ಕೊಟ್ಟ ಹಣ. ಅದರಲ್ಲಿ ಲೆಕ್ಕ ಬರೆಯುವವರ ಸಂಬಳವನ್ನೂ ಕೊಡುವಂತಿಲ್ಲ. ಅನುದಾನದ ಅರ್ಜಿಯಲ್ಲಿ ಆಡಳಿತ ವೆಚ್ಚದ ಸಾಲನ್ನೇ ಮೊದಲು ಹೊಡೆದುಹಾಕುವ ಅಧಿಕಾರಿಗಳು ಆ ಪುಟವನ್ನೂ ಒಮ್ಮೆ ಓದಲಿ.

– ಸಾರ್ವಜನಿಕ ಆಡಳಿತದ ಒಬ್ಬ ಪ್ರಾಧ್ಯಾಪಕ