ಗ್ರ್ಯಾಂಡ್ ಕ್ಯಾನ್ಯನ್: ಪ್ರಳಯದ ನಟ್ಟನಡುವೆ ಒಣನೆಲ ಹೇಗೆ ಬಂತು?

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಆರಿಜೋನಾದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಕೋಟ್ಯಂತರ ವರ್ಷಗಳ ಲೆಕ್ಕ ಹೇಳುವ ಭೂವಿಜ್ಞಾನ ಒಂದು ಕಡೆ, ಬೈಬಲ್ ಹೇಳುವ ನೋಹನ ಕಾಲದ ಜಲಪ್ರಳಯವೇ ಕಾರಣ ಎನ್ನುವ ಸೃಷ್ಟಿವಾದ ಇನ್ನೊಂದು ಕಡೆ. ಸಾಕ್ಷ್ಯ ಒಂದೇ, ನೋಡುವ ಕಣ್ಣು ಬೇರೆ ಎಂದು ಲೇಖನ ಮುಗಿದಿದೆ. ಈ ಕೊನೆಯ ಮಾತು ಸರಿಯಲ್ಲ. ಬಂಡೆಯಲ್ಲಿ ಏನು ಸಿಗಬೇಕು, ಏನು ಸಿಗಬಾರದು ಎಂಬುದನ್ನು ಎರಡೂ ವಾದಗಳಿಂದ ಮೊದಲೇ ಹೇಳಬಹುದು. ಆಮೇಲೆ ಬಂಡೆಯನ್ನೇ ನೋಡಿ ತೀರ್ಮಾನಿಸಬಹುದು.

ಅದಕ್ಕೆ ಮುಂಚೆ, ಲೇಖನದಲ್ಲಿ ಕಲಸಿಹೋಗಿರುವ ಒಂದು ಸಂಗತಿ. ಬಂಡೆಯ ವಯಸ್ಸು ಬೇರೆ, ಕಮರಿಯ ವಯಸ್ಸು ಬೇರೆ. ತಳದಲ್ಲಿ ಕಪ್ಪಗೆ ಕಾಣುವ ವಿಷ್ಣು ಶಿಸ್ಟ್ (ಶಾಖ, ಒತ್ತಡಗಳಿಂದ ರೂಪ ಬದಲಿಸಿದ ಕಲ್ಲು) ಮತ್ತು ಅದರ ಜೊತೆಗಿನ ಶಿಲೆಗಳು ಸುಮಾರು 184 ಕೋಟಿಯಿಂದ 166 ಕೋಟಿ ವರ್ಷ ಹಳೆಯವು. ಪ್ರವಾಸಿಗರು ಅಂಚಿನಲ್ಲಿ ನಿಂತು ಕೆಳಗೆ ನೋಡುವಾಗ ಅವರ ಕಾಲಡಿ ಇರುವ ಕೈಬಾಬ್ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ. ಇವೆಲ್ಲ ಸಿದ್ಧವಾಗಿ ಎಷ್ಟೋ ಕಾಲದ ಮೇಲೆ ನದಿ ಅವನ್ನು ಕೊರೆಯಿತು. ಕೊಲರಾಡೊ ನದಿ ಇಂದಿನ ದಾರಿ ಹಿಡಿದು 446 ಕಿ.ಮೀ. ಉದ್ದದ ಈ ಕಮರಿಯನ್ನು ಒಂದಾಗಿ ಜೋಡಿಸಿದ್ದು ಕಳೆದ 50–60 ಲಕ್ಷ ವರ್ಷಗಳಲ್ಲಿ. 'ಕಮರಿಗೆ 200 ಕೋಟಿ ವರ್ಷ' ಎಂದು ಬರೆದರೆ ಎರಡೂ ಪಕ್ಷದವರಿಗೆ ಅನ್ಯಾಯವಾಗುತ್ತದೆ. ಹಾಗೆ ಹೇಳುವ ಭೂವಿಜ್ಞಾನಿ ಯಾರೂ ಇಲ್ಲ.

ಸೃಷ್ಟಿವಾದವನ್ನೂ ಅದರ ಪ್ರತಿಪಾದಕರು ಹೇಳುವಂತೆಯೇ ಇಡಬೇಕು. ಅವರ ಪ್ರಕಾರ ತಳದ ಶಿಸ್ಟ್ ಹಾಗೂ ಅದರ ಮೇಲೆ ಓರೆಯಾಗಿ ಕೂತಿರುವ ಪದರಗಳು ಬಹುಪಾಲು ಪ್ರಳಯಕ್ಕೆ ಹಿಂದಿನವು. ಟಪೀಟ್ಸ್ ಮರಳುಗಲ್ಲಿನಿಂದ ಕೈಬಾಬ್‌ವರೆಗಿನ ಅಡ್ಡ ಪದರಗಳೆಲ್ಲ ಸುಮಾರು 4,500 ವರ್ಷಗಳ ಹಿಂದೆ, ಒಂದೇ ವರ್ಷದ ಪ್ರಳಯದಲ್ಲಿ ಕೂತವು. ನೀರು ಇಳಿದ ಮೇಲೆ ಮೇಲುಭಾಗದಲ್ಲಿ ದೊಡ್ಡ ಸರೋವರಗಳು ಉಳಿದವು. ಅವುಗಳ ಕಟ್ಟೆ ಒಡೆದು ನುಗ್ಗಿದ ನೀರು ಕೆಲವೇ ದಿನ ಅಥವಾ ವಾರಗಳಲ್ಲಿ ಕಮರಿಯನ್ನು ಕೊರೆಯಿತು. ಈ ರೂಪದ ವಾದ ಬಲಗೊಂಡದ್ದು 1961ರ ನಂತರ. ಇದನ್ನು ಕ್ರೈಸ್ತ ಧರ್ಮದ ನಿಲುವು ಎಂದು ಲೇಖನ ಕರೆದಿರುವುದೂ ತಪ್ಪು. ಪದರಗಳಲ್ಲಿ ಕೆಳಗಿನದು ಮೊದಲು ಕೂತದ್ದು, ಮೇಲಿನದು ಆಮೇಲಿನದು ಎಂಬ ನಿಯಮವನ್ನು 1669ರಲ್ಲಿ ಬರೆದಿಟ್ಟ ನಿಕೊಲಸ್ ಸ್ಟೆನೊ ಮುಂದೆ ಬಿಷಪ್ ಆದವರು. ಪಾದ್ರಿಯೂ ಭೂವಿಜ್ಞಾನಿಯೂ ಆಗಿದ್ದ ಆಡಂ ಸೆಜ್ವಿಕ್, ಮೆಕ್ಕಲು ಮತ್ತು ಜಲ್ಲಿಗಳನ್ನು ಒಂದೇ ಪ್ರಳಯಕ್ಕೆ ಹೊಂದಿಸುವ ತಮ್ಮ ಹಿಂದಿನ ಅಭಿಪ್ರಾಯವನ್ನು 1831ರಲ್ಲಿ ಲಂಡನ್ನಿನ ಜಿಯಾಲಜಿಕಲ್ ಸೊಸೈಟಿಯ ಅಧ್ಯಕ್ಷ ಪೀಠದಿಂದಲೇ ಕೈಬಿಟ್ಟರು. ಡಾರ್ವಿನ್ನನ ಪುಸ್ತಕ ಬರಲು ಆಗಿನ್ನೂ 28 ವರ್ಷ ಬಾಕಿ ಇತ್ತು.

ಈಗ ಬಂಡೆಗೆ ಬರೋಣ. ಈ ವಿವಾದ ಎದ್ದಾಗಲೆಲ್ಲ ಮಾತು ವಿಕಿರಣ ಕಾಲಮಾಪನಕ್ಕೆ (ವಿಕಿರಣಶೀಲ ಪರಮಾಣುಗಳಿಂದ ಕಲ್ಲಿನ ವಯಸ್ಸು ಅಳೆಯುವ ವಿಧಾನಕ್ಕೆ) ಹೊರಳಿ, ಐಸೊಟೋಪುಗಳ ಲೆಕ್ಕದಲ್ಲಿ ಓದುಗ ಕಳೆದುಹೋಗುತ್ತಾನೆ. ವರ್ಷಗಳ ಸಂಖ್ಯೆಯನ್ನು ಪೂರ್ತಿ ಬದಿಗಿಟ್ಟರೂ ತೀರ್ಮಾನಕ್ಕೆ ಬರಬಹುದು. ಒಂದೇ ಪ್ರಳಯದ ನೀರಿನಡಿ ಎಲ್ಲ ಪದರಗಳೂ ಕೂತಿದ್ದರೆ, ಅವುಗಳ ನಡುವೆ ಗಾಳಿಗೆ ತೆರೆದ ಒಣನೆಲ ಇರಕೂಡದು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಅಂಥ ಒಣನೆಲ ಒಂದಲ್ಲ, ಹಲವು ಮಟ್ಟಗಳಲ್ಲಿದೆ.

ಇವುಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ರೆಡ್‌ವಾಲ್ ಸುಣ್ಣಕಲ್ಲು. ಕಮರಿಯ ನಡುಮಟ್ಟದಲ್ಲಿ 150 ಮೀಟರಿಗೂ ಮಿಕ್ಕಿ ನೆಟ್ಟಗೆ ನಿಂತ ಕೆಂಪು ಗೋಡೆ ಇದು. ಹತ್ತಿರ ಹೋಗಿ ಹೊಸದಾಗಿ ಒಡೆದ ಮುಖ ನೋಡಿದರೆ ಕಲ್ಲು ಬೂದು ಬಣ್ಣದ್ದು. ಮೇಲಿನ ಸುಪಾಯ್ ಮತ್ತು ಹರ್ಮಿಟ್ ಪದರಗಳ ಕಬ್ಬಿಣದಂಶ ಮಳೆನೀರಿನೊಡನೆ ಇಳಿದು ಗೋಡೆಗೆ ಬಳಿದುಕೊಂಡಿದೆ, ಅಷ್ಟೆ. ಒಳಗೆ ಇರುವುದು ಕ್ರೈನಾಯ್ಡ್, ಬ್ರಾಕಿಯೊಪಾಡ್, ಹವಳಗಳಂಥ ಸಮುದ್ರಜೀವಿಗಳ ಅವಶೇಷ; ಅಂದರೆ ಇದು ಸಮುದ್ರದಲ್ಲೇ ಕೂತ ಕಲ್ಲು. ಇಷ್ಟರ ಮಟ್ಟಿಗೆ ತಕರಾರಿಲ್ಲ. ಆದರೆ ಈ ಸುಣ್ಣಕಲ್ಲಿನ ಮೇಲ್ಮೈ ಸಪಾಟಾಗಿಲ್ಲ. ಅದರಲ್ಲಿ ಗುಹೆಗಳಿವೆ, ಛಾವಣಿ ಕುಸಿದ ಗುಂಡಿಗಳಿವೆ, 100 ಮೀಟರಿಗೂ ಆಳವಾದ ಹಳೆಯ ಕಣಿವೆಗಳಿವೆ. ಈ ಕಣಿವೆಗಳ ಒಳಗೆ ಮೊದಲು ಜಲ್ಲಿ ಮತ್ತು ಮರಳು, ಅದರಲ್ಲಿ ನೆಲದ ಗಿಡಗಳ ಪಳೆಯುಳಿಕೆ. ಅದರ ಮೇಲೆ ಮತ್ತೆ ಸಮುದ್ರದ ಸುಣ್ಣಕಲ್ಲು. ಈ ತುಂಬುಪದರಕ್ಕೆ 1985ರಲ್ಲಿ ಸರ್ಪ್ರೈಸ್ ಕ್ಯಾನ್ಯನ್ ಎಂಬ ಹೆಸರು ಬಂತು. ಎಲ್ಲಕ್ಕೂ ಮೇಲೆ ಸುಪಾಯ್ ಪದರಗಳು ಹಾಸಿಕೊಂಡಿವೆ.

ನಡೆದ ಕ್ರಮವನ್ನು ಜೋಡಿಸಿ ನೋಡಿ. ಸುಣ್ಣದ ಕೆಸರು ಸಮುದ್ರದಡಿ ಕೂರಬೇಕು. ಅದು ಗಟ್ಟಿಕಲ್ಲಾಗಬೇಕು, ಏಕೆಂದರೆ ಹಸಿ ಕೆಸರಿನಲ್ಲಿ ಗುಹೆ ನಿಲ್ಲದು, ಕುಸಿಯುತ್ತದೆ. ಸಮುದ್ರ ಹಿಂದೆ ಸರಿದು ಕಲ್ಲು ಹೊರಬರಬೇಕು. ತುಸು ಆಮ್ಲೀಯವಾದ ಮಳೆನೀರು ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕರಗಿಸಬೇಕು. ತೊರೆಗಳು ಹರಿದು ಕಣಿವೆ ತೋಡಬೇಕು, ದಡದಲ್ಲಿ ಗಿಡ ಬೆಳೆಯಬೇಕು. ಆಮೇಲೆ ಸಮುದ್ರ ಮತ್ತೆ ಮೇಲೇರಿ ಅದನ್ನೆಲ್ಲ ಮುಚ್ಚಬೇಕು. ಪ್ರಳಯದ ಪಟ್ಟಿಯಲ್ಲಿ ರೆಡ್‌ವಾಲ್ ಕೂರುವುದು ಮಧ್ಯಭಾಗದಲ್ಲಿ. ಭೂಮಿಯೆಲ್ಲ ನೀರಿನಡಿ ಇರಬೇಕಾದ ಅದೇ ತಿಂಗಳುಗಳಲ್ಲಿ ಇಷ್ಟೂ ಕೆಲಸ ಮುಗಿಯಬೇಕಾಗುತ್ತದೆ. ಇದಕ್ಕೆ ಸಮಾಧಾನಕರ ಉತ್ತರವನ್ನು ಸೃಷ್ಟಿವಾದಿಗಳು ಈವರೆಗೆ ಕೊಟ್ಟಿಲ್ಲ.

ಹರ್ಮಿಟ್ ಪದರಕ್ಕೆ ಬಂದರೆ ಜರೀಗಿಡಗಳಂಥ ಎಲೆಗಳ ಅಚ್ಚುಗಳು, ಪ್ರಾಣಿಗಳ ಹೆಜ್ಜೆ, ಬತ್ತಿದ ಕೆರೆಯ ತಳದಂತೆ ಬಿರಿದ ಕೆಸರು ಸಿಗುತ್ತವೆ. ಅದರ ಮೇಲ್ತುದಿಯಲ್ಲಿ ಮರಳು ತುಂಬಿಕೊಂಡ ಕೆಲವು ದೊಡ್ಡ ಬಿರುಕುಗಳು ಒಣಗಿ ಆದವಲ್ಲ, ಭೂಕಂಪದ ಒತ್ತಡಕ್ಕೆ ಮರಳು ನುಗ್ಗಿ ಆದವು ಎಂದು ಸೃಷ್ಟಿವಾದಿಗಳು ವಾದಿಸುತ್ತಾರೆ. ಅವನ್ನು ಅವರಿಗೇ ಬಿಟ್ಟುಕೊಟ್ಟರೂ ಉಳಿದ ಸಾಕ್ಷ್ಯ ಅಲ್ಲೇ ಇರುತ್ತದೆ. ಹರ್ಮಿಟ್ ಮೇಲಿನ ಕೊಕೊನಿನೊ ಮರಳುಗಲ್ಲು ಗಾಳಿ ಕಟ್ಟಿದ ಮರಳುದಿಬ್ಬಗಳದು. ಅದರ ಓರೆ ಪದರಗಳ ಮೇಲೆ ನಾಲ್ಕು ಕಾಲಿನ ಪ್ರಾಣಿಗಳ ಹೆಜ್ಜೆಸಾಲುಗಳು, ಜೇಡ-ಚೇಳುಗಳ ಜಾತಿಯ ಜೀವಿಗಳ ಸಣ್ಣ ಗುರುತುಗಳು, ಮಳೆಹನಿ ಬಿದ್ದ ಗುಳಿಗಳು ಸಿಕ್ಕಿವೆ. ನೀರಿನಡಿಯ ಮರಳಿನ ಮೇಲೂ ಇಂಥ ಹೆಜ್ಜೆ ಮೂಡುತ್ತದೆ ಎಂದು ಸಲಾಮಾಂಡರ್‌ಗಳನ್ನು ತೊಟ್ಟಿಯಲ್ಲಿ ನಡೆಸಿ ತೋರಿಸಿದ ಪ್ರಯೋಗಗಳಿವೆ. ಅವು ಪ್ರಾಮಾಣಿಕ ಪ್ರಯೋಗಗಳೇ. ಆದರೆ ಅಷ್ಟು ದೊಡ್ಡ ಮರಳಿನ ಅಲೆಗಳನ್ನು ಆಳ ನೀರಿನಡಿ ಕಟ್ಟಲು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ಪ್ರವಾಹ ಬೇಕೆಂದು ಸೃಷ್ಟಿವಾದಿಗಳೇ ಲೆಕ್ಕ ಹಾಕಿದ್ದಾರೆ. ಆ ಸೆಳೆತದಲ್ಲಿ ಜೇಡದ ಕಾಲಿನ ಗುರುತು ಉಳಿಯುವುದೂ ಇಲ್ಲ, ಮಳೆಹನಿ ನೀರಿನ ತಳ ಮುಟ್ಟುವುದೂ ಇಲ್ಲ.

ಇನ್ನು ಬಿಲಗಳು. ಟಪೀಟ್ಸ್‌ನಿಂದ ಕೈಬಾಬ್‌ವರೆಗಿನ ದಪ್ಪ ಸುಮಾರು 1,200 ಮೀಟರ್. ಅದನ್ನು 365 ದಿನಕ್ಕೆ ಸಮನಾಗಿ ಹಂಚಿದರೂ ದಿನಕ್ಕೆ 3 ಮೀಟರಿಗಿಂತ ಹೆಚ್ಚು ಹೂಳು ಬೀಳಬೇಕು. ಹಾಗಿರುವಾಗ ಬ್ರೈಟ್ ಏಂಜೆಲ್ ಶೇಲ್ ಎಂಬ ಜೇಡಿಗಲ್ಲಿನಲ್ಲಿ ಪದರದಿಂದ ಪದರಕ್ಕೆ ಹುಳುಗಳು ಕೊರೆದ ಬಿಲಗಳು, ಟ್ರೈಲೊಬೈಟ್‌ಗಳೆಂಬ ಅಳಿದುಹೋದ ಸಮುದ್ರಜೀವಿಗಳು ತೆವಳಿದ ಜಾಡುಗಳು ಇವೆ. ತಲೆಯ ಮೇಲೆ ದಿನಕ್ಕೆ 3 ಮೀಟರ್ ಕೆಸರು ಬೀಳುತ್ತಿದ್ದರೆ ತಳದಲ್ಲಿ ಯಾರೂ ಮನೆ ಮಾಡುವುದಿಲ್ಲ. ಜೇಡಿಯ ಸೂಕ್ಷ್ಮ ಕಣಗಳು ಅಷ್ಟು ಬೇಗ ತಳ ಸೇರಲಾರವು ಎಂಬ ವಾದವೂ ಉಂಟು. ಎರಡು ಮೈಕ್ರಾನ್ ಗಾತ್ರದ ಕಣ ನಿಂತ ನೀರಿನಲ್ಲಿ ಇಳಿಯುವುದು ದಿನಕ್ಕೆ ಸುಮಾರು 30 ಸೆಂ.ಮೀ. ಮಾತ್ರ. ಈ ವಾದವನ್ನು ಮುಂದಿಡುವವರು ಎಚ್ಚರಿಕೆಯಿಂದಿರಬೇಕು. ಉಪ್ಪುನೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ಬಹಳ ಬೇಗ ಇಳಿಯುತ್ತವೆ. ಬಿಲಗಳಿಗೆ ಅಂಥ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಕೊರೆತದ ವಿಚಾರದಲ್ಲಿ ಲೇಖನ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಉದಾಹರಣೆ ಕೊಟ್ಟಿದೆ. ಅದು ಸ್ಫೋಟಿಸಿದ್ದು 1980ರಲ್ಲಿ. 1982ರ ಮಾರ್ಚ್‌ನಲ್ಲಿ ಕೆಸರಿನ ಪ್ರವಾಹವೊಂದು ಸುಮಾರು 40 ಮೀಟರ್ ಆಳದ ಕಂದರವನ್ನು ಒಂದೇ ದಿನದಲ್ಲಿ ತೋಡಿದ್ದು ನಿಜ. ತೋಡಿದ್ದು ಏನನ್ನು? ಎರಡು ವರ್ಷದ ಹಿಂದೆ ಬಿದ್ದ ಸಡಿಲ ಬೂದಿ ಮತ್ತು ಪ್ಯೂಮಿಸ್ ಎಂಬ ಹಗುರ ಕಲ್ಲಿನ ರಾಶಿಯನ್ನು. ರೆಡ್‌ವಾಲ್ ಆಗ ಅಷ್ಟೇ ಮೆದುವಾಗಿತ್ತೆಂದರೆ 150 ಮೀಟರ್ ಎತ್ತರದ ನೆಟ್ಟನೆ ಗೋಡೆಯಾಗಿ ನಿಲ್ಲುತ್ತಿರಲಿಲ್ಲ. ಗಟ್ಟಿಯಾಗಿತ್ತೆಂದರೆ ಹೆಲೆನ್ಸ್ ಹೋಲಿಕೆಗೇ ಜಾಗವಿಲ್ಲ.

ಹಾಗೆಂದು ಮಹಾಪ್ರವಾಹ ಗಟ್ಟಿಕಲ್ಲನ್ನು ಕೊರೆಯಲಾರದು ಎಂದರೂ ತಪ್ಪಾಗುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಹಿಮಯುಗದ ಸರೋವರವೊಂದರ ಕಟ್ಟೆ ಮತ್ತೆ ಮತ್ತೆ ಒಡೆದು ಬಸಾಲ್ಟ್ ನೆಲವನ್ನೇ ಕಿತ್ತೆಸೆದಿದೆ. ಇದು ಮಹಾಪ್ರವಾಹದ ಕೆಲಸ ಎಂದು 1923ರಲ್ಲಿ ಹೇಳಿದ ಭೂವಿಜ್ಞಾನಿ ಜೆ. ಹಾರ್ಲೆನ್ ಬ್ರೆಟ್ಜ್ ಅವರನ್ನು ದಶಕಗಳ ಕಾಲ ಹೆಚ್ಚಿನವರು ನಂಬಲಿಲ್ಲ. ಸಾಕ್ಷ್ಯ ಗಟ್ಟಿಯಾದ ಮೇಲೆ ಭೂವಿಜ್ಞಾನ ಒಪ್ಪಿತು, 1979ರಲ್ಲಿ ಈ ಕ್ಷೇತ್ರದ ದೊಡ್ಡ ಗೌರವವಾದ ಪೆನ್‌ರೋಸ್ ಪದಕವನ್ನೂ ಕೊಟ್ಟಿತು. ಆ ನೆಲದಲ್ಲಿ ಕಾಣುವುದು ಹೆಣೆದುಕೊಂಡ ಅಗಲ ಕಾಲುವೆಗಳು, ನೀರಿಲ್ಲದ ಭಾರಿ ಜಲಪಾತಗಳು, ಹಲವು ಮೀಟರ್ ಎತ್ತರದ ಜಲ್ಲಿಯ ಅಲೆಗಳು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇವು ಯಾವುವೂ ಇಲ್ಲ. ಬದಲಿಗೆ ಕಮರಿಯ ಮೇಲ್ತುದಿಗೂ ಮುಂಚೆ ಸಿಗುವ ಹಾರ್ಸ್‌ಶೂ ಬೆಂಡ್‌ನಲ್ಲಿ ಇದೇ ನದಿ ಗಟ್ಟಿ ಮರಳುಗಲ್ಲಿನ ಆಳದಲ್ಲಿ ಹೆಚ್ಚುಕಡಿಮೆ ಪೂರ್ತಿ ಹಿಂತಿರುಗಿ ಹರಿಯುತ್ತದೆ. ಕಟ್ಟೆಯೊಡೆದು ನುಗ್ಗುವ ನೀರು ಇಂಥ ತಿರುವುಗಳನ್ನು ಕಡಿದು ನೇರ ಮಾಡಿಕೊಳ್ಳುತ್ತದೆ. ತಿರುವು ಹಾಗೇ ಇಳಿದು ಕಲ್ಲಿನಲ್ಲಿ ಕೂರಬೇಕಾದರೆ ನೆಲ ಮೇಲೇಳುತ್ತಾ ನದಿ ನಿಧಾನವಾಗಿ ಕೊರೆಯುತ್ತಾ ಹೋಗಬೇಕು.

ಕಮರಿಯ ಅಗಲ, ಕೆಲವೆಡೆ 29 ಕಿ.ಮೀ., ನದಿಯೊಂದರದೇ ಕೆಲಸವಲ್ಲ. ನದಿ ಆಳಕ್ಕೆ ಇಳಿದಂತೆ ಮೆದುವಾದ ಶೇಲ್ ಸವೆದು, ಆಸರೆ ತಪ್ಪಿದ ಮೇಲಿನ ಸುಣ್ಣಕಲ್ಲು, ಮರಳುಗಲ್ಲು ಹೋಳುಹೋಳಾಗಿ ಬೀಳುತ್ತವೆ. ಮೆಟ್ಟಿಲುಮೆಟ್ಟಿಲಾದ ಆಕಾರ ಬಂದದ್ದು ಹೀಗೆ. ಉತ್ತರದ ಅಂಚು ದಕ್ಷಿಣದ್ದಕ್ಕಿಂತ ಸುಮಾರು 300 ಮೀಟರ್ ಎತ್ತರ. ನೆಲ ದಕ್ಷಿಣಕ್ಕೆ ಇಳಿಜಾರು. ಉತ್ತರದಲ್ಲಿ ಬಿದ್ದ ಮಳೆ, ಕರಗಿದ ಹಿಮ ಕಮರಿಯೊಳಕ್ಕೆ ಹರಿಯುತ್ತವೆ, ದಕ್ಷಿಣದ್ದು ಕಮರಿಯಿಂದ ಆಚೆಗೆ. ಆದ್ದರಿಂದ ಉತ್ತರದ ಉಪಕಣಿವೆಗಳು ಉದ್ದ, ದಕ್ಷಿಣದವು ಗಿಡ್ಡ. ನದಿಯೂ ದಕ್ಷಿಣದ ಅಂಚಿಗೆ ಹತ್ತಿರ. ಒಂದೇ ಏಟಿಗೆ ನುಗ್ಗಿದ ನೀರಿನ ಕೆಲಸವಾಗಿದ್ದರೆ ಎರಡೂ ಬದಿಯ ಸವೆತ ಮಳೆ ಹರಿಯುವ ದಿಕ್ಕನ್ನು ಇಷ್ಟು ನಿಖರವಾಗಿ ಅನುಸರಿಸುತ್ತಿರಲಿಲ್ಲ.

ಭೂವಿಜ್ಞಾನಿಗಳಲ್ಲೇ ಒಮ್ಮತವಿಲ್ಲ ಎಂಬ ಲೇಖನದ ಮಾತು ಅರ್ಧ ನಿಜ. 2012ರ ಅಧ್ಯಯನವೊಂದು ಕಮರಿಯ ಪಶ್ಚಿಮ ಭಾಗ ಬಹುಮಟ್ಟಿಗೆ 7 ಕೋಟಿ ವರ್ಷ ಹಿಂದೆಯೇ ಕೊರೆದುಹೋಗಿತ್ತು ಎಂದಿತು. ಮೇಲಿನ ಕಲ್ಲು ಸವೆದಂತೆ ಕೆಳಗಿನದು ತಣ್ಣಗಾಗುತ್ತದೆ; ತಣ್ಣಗಾದ ಕಾಲವನ್ನು ಅಪಟೈಟ್ ಎಂಬ ಖನಿಜದ ಹರಳುಗಳಲ್ಲಿ ಉಳಿದ ಹೀಲಿಯಂನಿಂದ ಲೆಕ್ಕ ಹಾಕಲಾಗಿತ್ತು. 2014ರ ಇನ್ನೊಂದು ಅಧ್ಯಯನ, ಕೆಲವು ತುಂಡುಗಳು ಹಳೆಯ ಕಣಿವೆಗಳು, ಎರಡು ತುದಿಗಳು ಮಾತ್ರ 50–60 ಲಕ್ಷ ವರ್ಷದವು, ನದಿ ಅವನ್ನು ಪೋಣಿಸಿತು ಎಂದಿತು. ಪಶ್ಚಿಮ ತುದಿಯಾಚೆ ಸುಮಾರು 60 ಲಕ್ಷ ವರ್ಷಕ್ಕೆ ಹಿಂದಿನ ಪದರಗಳಲ್ಲಿ ಕೊಲರಾಡೊ ತಂದ ಹೂಳು ಸಿಗದಿರುವುದು ಈ ಎರಡನೆಯ ಅಭಿಪ್ರಾಯಕ್ಕೆ ಬಲ ಕೊಡುತ್ತದೆ. ಎತ್ತರದ ಕೈಬಾಬ್ ಉಬ್ಬನ್ನು ನದಿ ಹೇಗೆ ದಾಟಿತು ಎಂಬುದೂ ಇತ್ಯರ್ಥವಾಗಿಲ್ಲ. ಸರೋವರ ತುಂಬಿ ಚೆಲ್ಲಿತು ಎಂಬ ಊಹೆ ಭೂವಿಜ್ಞಾನಿಗಳಲ್ಲೂ ಇದೆ. ಚರ್ಚೆ ನಡೆದಿರುವುದು 60 ಲಕ್ಷವೋ 7 ಕೋಟಿಯೋ ಎಂದು. 4,500 ವರ್ಷ ಆ ಚರ್ಚೆಯಲ್ಲಿ ಒಂದು ಆಯ್ಕೆಯೇ ಅಲ್ಲ.

ಸೃಷ್ಟಿವಾದಿಗಳಿಗೆ ಅಲ್ಲಿ ಸಂಶೋಧನೆಗೆ ಅವಕಾಶವಿಲ್ಲ ಎಂದೂ ಲೇಖನದಲ್ಲಿದೆ. ಮಡಿಕೆಬಿದ್ದ ಪದರಗಳ ಮಾದರಿ ತೆಗೆಯಲು ಅನುಮತಿ ಸಿಗಲಿಲ್ಲವೆಂದು ಭೂವಿಜ್ಞಾನಿ ಆಂಡ್ರ್ಯೂ ಸ್ನೆಲಿಂಗ್ 2017ರಲ್ಲಿ ಮೊಕದ್ದಮೆ ಹೂಡಿದರು. ಅದೇ ವರ್ಷ ಅನುಮತಿ ಸಿಕ್ಕಿ ಮೊಕದ್ದಮೆ ಹಿಂತೆಗೆದರು. ಅನುಮತಿ ಕೊಟ್ಟದ್ದು ಸರಿಯಾಗಿಯೇ ಇತ್ತು; ಸೃಷ್ಟಿವಾದಿಯ ಸಂಶೋಧನೆಯೂ ತಪ್ಪನ್ನು ತಿದ್ದಬಲ್ಲದು. ಅಲ್ಲಿನ ಅತಿ ಹಳೆಯ ಶೇಲ್‌ನಲ್ಲಿ ಹೂಗಿಡಗಳ ಪರಾಗ ಸಿಕ್ಕಿದೆ ಎಂಬ 1960ರ ದಶಕದ ಹೇಳಿಕೆಯನ್ನು ಮರುಪರೀಕ್ಷಿಸಿ, ಪರಾಗ ಇಲ್ಲವೆಂದು 1981ರಲ್ಲಿ ಪ್ರಕಟಿಸಿದ ಆರ್ಥರ್ ಚಾಡ್ವಿಕ್ ಕೂಡ ಸೃಷ್ಟಿವಾದಿಯೇ.

ಲೇಖನದ ಜೊತೆಗಿದ್ದ ಅಡ್ಡಕೊಯ್ತದ ಚಿತ್ರದಲ್ಲಿ ಎಲ್ಲ ಪದರಗಳ ನಡುವೆಯೂ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆಗಳಿವೆ. ಚಿತ್ರವನ್ನು ಮತ್ತೆ ಬಳಸುವುದಾದರೆ ದಯವಿಟ್ಟು ತಿದ್ದಿಸಿ. ಟಪೀಟ್ಸ್ ಅಡಿಯ ಗೆರೆ ಓರೆಯಾದ ಹಳೆಯ ಪದರಗಳನ್ನು ಕತ್ತರಿಸಿಕೊಂಡು ಹೋಗಬೇಕು, ನಡುವೆ ಶಿನುಮೊ ಕ್ವಾರ್ಟ್ಜೈಟ್‌ನ ಗುಡ್ಡಗಳು ದ್ವೀಪಗಳಂತೆ ಮೇಲೆ ಚಾಚಿರಬೇಕು. ಮುವಾವ್ ಸುಣ್ಣಕಲ್ಲಿನ ಮೇಲೆ ಟೆಂಪಲ್ ಬ್ಯೂಟ್ ತುಂಬಿಕೊಂಡ ಕಾಲುವೆಗಳು ಕಾಣಬೇಕು. ರೆಡ್‌ವಾಲ್‌ನ ತಲೆಯ ಮೇಲೆ ಗುಹೆ, ಗುಂಡಿ, ಕಣಿವೆಗಳ ಅಂಕುಡೊಂಕಾದ ಗೆರೆ ಇರಬೇಕು.

ಇತಿ,
ಭೂವಿಜ್ಞಾನದ ಅಧ್ಯಾಪಕ